ಭಂಡಾರ ಮತ್ತು ಏಳು ಗಂಟೆಯ ಗುಳಿಗೆ

ರಕ್ತ ಪರೀಕ್ಷೆಯ ದಿನ ಬೆಳಗಿನ ಗುಳಿಗೆ ನುಂಗುವಂತಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ಹಾಗಾಗಿ ಸೊಲ್ಲಾಪುರದ ಆಸ್ಪತ್ರೆಯ ಲ್ಯಾಬಿನ ಮುಂದೆ ಬೆಳಿಗ್ಗೆ ಏಳಕ್ಕೆ ಕೂತವರಲ್ಲಿ ನನ್ನ ಪೈಕಿಯವರು ಯಾರು ಎಂದು ದೂರದಿಂದಲೇ ಗುರುತಿಸಬಲ್ಲೆ. ಮುಖಕ್ಕೆ ಮಾಸ್ಕ್ ಇರುತ್ತದೆ. ಕೈ ಆಗಾಗ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿರುತ್ತದೆ. ಬೇರೆಯವರ ಕಿಡ್ನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಜನ ನಾವು. ಒಬ್ಬರನ್ನೊಬ್ಬರು ಮಾತಾಡಿಸುವುದು ಕಡಿಮೆ. ಮಾತಾಡಿಸಿದರೆ ಮೊದಲು ಕೇಳುವುದು, ಯಾರು ಕೊಟ್ಟರು ಎಂದು.

ನನಗೆ ಕೊಟ್ಟವಳು ಅಕ್ಕ.

ಆ ಗುಳಿಗೆಯ ಹೆಸರು ಟ್ಯಾಕ್ರೊಲಿಮಸ್. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಜೀವ ಇರುವ ತನಕ. ಹೊಸ ಕಿಡ್ನಿಯನ್ನು ಕಂಡು ಮೈ ಅದರ ಮೇಲೆ ಬೀಳದಂತೆ ಅದು ತಡೆದಿಡುತ್ತದೆ. ನಿನ್ನೆ ಸಂಜೆ ನುಂಗಿದ್ದರಲ್ಲಿ ರಕ್ತದಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಬೆಳಿಗ್ಗೆ ಅಳೆಯುತ್ತಾರೆ. ಅದಕ್ಕೆ ಲೆವಲ್ ಎನ್ನುತ್ತಾರೆ. ಲೆವಲ್ ಇಳಿದರೆ ಮೈ ಕಿಡ್ನಿಯನ್ನು ಒಲ್ಲೆ ಎನ್ನುತ್ತದೆ. ಏರಿದರೆ ಔಷಧಿಯೇ ಕಿಡ್ನಿಯನ್ನು ಕೆಡಿಸುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ, ಅತ್ತ ಇತ್ತ ಆಗುವಂತಿಲ್ಲ.

ನಾನು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯ ಮಾಸ್ತರ. ಮನೆಯಲ್ಲಿ ಕನ್ನಡ ಮಾತಾಡಿ ಮಕ್ಕಳನ್ನು ಮರಾಠಿ ಶಾಲೆಗೆ ಕಳಿಸುವ ಜನರ ನಡುವೆ ನನ್ನ ಕಸುಬು ಹೇಗಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆ ವಾಗದರಿಯಲ್ಲಿ. ಅಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಮನೆದೇವರು ಬಿರೋಬಾ. ಅವ್ವ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲವಂತೆ. ಅಕ್ಕ ಆಗ ತಾನೇ ಲಂಗ ಬಿಟ್ಟು ಸೀರೆ ಉಡಲು ಕಲಿಯುತ್ತಿದ್ದಳು. ನನ್ನನ್ನು ಬಗಲಿನಲ್ಲಿಟ್ಟುಕೊಂಡೇ ರೊಟ್ಟಿ ಬಡಿದಳು, ಕುರಿಗೆ ನೀರು ಕುಡಿಸಿದಳು. ಬೋರಾಮಣಿಗೆ ಮದುವೆಯಾಗಿ ಹೋಗುವಾಗ ಗಂಡನ ಮನೆಯವರಿಗೆ ಮೊದಲೇ ಹೇಳಿದ್ದಳು, ತಮ್ಮ ಯಾವಾಗ ಬಂದರೂ ಎಷ್ಟು ದಿನ ಇದ್ದರೂ ಯಾರೂ ಕೇಳಬಾರದು ಎಂದು. ಆ ಮಾತನ್ನು ಅವರು ಇವತ್ತಿನವರೆಗೆ ನಡೆಸಿಕೊಂಡು ಬಂದಿದ್ದಾರೆ.

ನನ್ನ ಕಿಡ್ನಿಗಳು ಕೈಕೊಟ್ಟದ್ದು ಮದುವೆಯ ಮಾತು ನಡೆದಿದ್ದ ಹೊತ್ತಿನಲ್ಲಿ. ಮಾತು ಅಲ್ಲಿಗೇ ನಿಂತಿತು. ಡಯಾಲಿಸಿಸ್‌ಗೆಂದು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿದೆ. ಮರಳಿ ಬರುವಾಗ ಬಸ್ಸಿನ ತುಂಬ ಅಕ್ಕಲಕೋಟದ ದೇವರ ದರ್ಶನಕ್ಕೆ ಹೊರಟ ಪರವೂರಿನ ಭಕ್ತರು, ಹೂವು, ಪೇಢೆ, ಗದ್ದಲ. ನನಗೆ ಅವರ ಮೇಲೆ ವಿನಾಕಾರಣ ಸಿಟ್ಟು ಬರುತ್ತಿತ್ತು. ಕಿಡ್ನಿ ಕೊಡಲು ಅಪ್ಪ ಮೊದಲು ಮುಂದಾದ. ಅವನ ರಕ್ತ ತೆಗೆದು ಎಲ್ಲ ತಪಾಸಣೆ ಮಾಡಿ, ವಯಸ್ಸಾಗಿದೆ, ಬಿಪಿ ಇದೆ ಎಂದು ಬೇಡ ಎಂದರು. ಅಕ್ಕನನ್ನು ನಾನು ಕೇಳಲಿಲ್ಲ. ಅವಳು ತಾನಾಗಿಯೇ ಒಂದು ಮುಂಜಾನೆ ಆಸ್ಪತ್ರೆಗೆ ಬಂದು ಕೂತಿದ್ದಳು.

ಮೈಯಲ್ಲಿ ಗುರುತುಗಳಿರುತ್ತವೆ, ಅರ್ಧ ಅಪ್ಪನಿಂದ ಬರುತ್ತವೆ, ಅರ್ಧ ಅವ್ವನಿಂದ ಎಂದು ಡಾಕ್ಟರ್ ಮ್ಯಾಡಮ್ ಮರಾಠಿಯಲ್ಲಿ ತಿಳಿಸಿ ಹೇಳಿದರು. ಅಕ್ಕನಿಗೂ ನನಗೂ ಅರ್ಧ ಹೊಂದುತ್ತಿತ್ತು. ಅಪ್ಪನ ರಕ್ತವನ್ನೂ ನೋಡಿದ್ದರಿಂದ ಹೊಂದಿದ ಆ ಅರ್ಧ ಅವನದಲ್ಲ, ಅವ್ವನ ಕಡೆಯದು ಎಂದು ಗೊತ್ತಾಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವ ಹೋದಮ್ಯಾಲೂ ನಿನ್ನ ಬಿಟ್ಟಿಲ್ಲ ನೋಡು ತಮ್ಮಾ" ಅಂದಳು.

ಉಳಿದ ಅರ್ಧದ ಚಿಂತೆ ಅಪ್ಪನಿಗೆ ಇತ್ತು. "ಬ್ಯಾರೆ ಹಿಂಡಿನ ಕುರಿ ದೊಡ್ಡ್ಯಾಗ ಬಂದ್ರ ನಮ್ಮ ನಾಯಿ ಬಿಡತಾವೇನು?" ಎಂದು ಕೇಳಿದ. ನಾಯಿಗಳಿಗೆ ನಿದ್ದೆ ಬರಿಸುವ ಗುಳಿಗೆ ಇದೆ ಅಪ್ಪಾ, ದಿನಾ ತಗೋಬೇಕು ಅಷ್ಟೆ ಎಂದೆ. ಅಷ್ಟೇ ಎಂದು ಎಷ್ಟು ಸುಲಭವಾಗಿ ಹೇಳಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಊರಿಗೆ ಹೋಗುವಂತಿರಲಿಲ್ಲ. ಕುರಿಯ ಉಣ್ಣೆ, ಹೊಟ್ಟಿನ ಧೂಳು, ಹಿಕ್ಕೆ, ಇವೆಲ್ಲ ನನಗೆ ವಿಷ ಎಂದು ಮ್ಯಾಡಮ್ ಹೇಳಿದ್ದರು. ಶಾಲೆಗೆ ರಜೆ ಹಾಕಿ ಸೊಲ್ಲಾಪುರದಲ್ಲಿ ಒಂದು ಖೋಲಿ ಹಿಡಿದೆ. ಒಂದು ಮಂಚ, ಒಂದು ತಾಟು, ಒಂದು ಲೋಟ. ಪಕ್ಕದ ಓಣಿಯಲ್ಲಿ ಚಾದರ ನೇಯುವ ಮಗ್ಗಗಳು ಹಗಲೆಲ್ಲ ಕಟಕಟ ಎನ್ನುತ್ತಿದ್ದವು. ಮೊದಮೊದಲು ಆ ಸದ್ದಿಗೆ ಬಯ್ಯುತ್ತಿದ್ದೆ. ಆಮೇಲೆ ವಾರದ ರಜೆಗೆ ಮಗ್ಗ ನಿಂತ ದಿನ ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದೆ. ಕಾಣಲು ಬಂದವರು ಹೊಸ್ತಿಲಾಚೆಯೇ ನಿಂತು, ಮಾಸ್ಕಿನೊಳಗಿನ ನನ್ನ ಮುಖವನ್ನು ಹುಡುಕಿ, ಮಾತು ಮುಗಿಯುವ ಮುಂಚೆಯೇ ಚಪ್ಪಲಿ ಮೆಟ್ಟುತ್ತಿದ್ದರು. ಕ್ರಮೇಣ ಬರುವುದನ್ನೂ ಬಿಟ್ಟರು. ಅಕ್ಕ ಮಾತ್ರ ಹೊಲಿಗೆ ಮಾಯ್ದು ಓಡಾಡುವಂತಾದ ಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತಪ್ಪದೆ ಬರುತ್ತಿದ್ದಳು. ಬಂದವಳು ನನ್ನ ಹೊಟ್ಟೆಯ ಕಡೆ ನೋಡಿ, "ಹ್ಯಾಂಗ ಅದಾಳ ನಮ್ಮಾಕಿ?" ಎಂದು ಕಿಡ್ನಿಯನ್ನೇ ವಿಚಾರಿಸುತ್ತಿದ್ದಳು. ನನ್ನನ್ನು ಕೇಳುವುದು ಅದರ ನಂತರ.

ಲೆವಲ್ ಮೊದಲಿನಿಂದಲೂ ಕಡಿಮೆಯೇ ಬರುತ್ತಿತ್ತು. ಮ್ಯಾಡಮ್ ಸ್ವಲ್ಪ ಡೋಸ್ ಹೆಚ್ಚಿಸಿದರು. ಮತ್ತೆ ಕಡಿಮೆ ಬಂತು. ಮತ್ತೂ ಸ್ವಲ್ಪ ಹೆಚ್ಚಿಸಿದರು. ಒಂದು ದಿನ ರಿಪೋರ್ಟನ್ನು ಮೇಜಿನ ಮೇಲೆ ಮಗುಚಿಟ್ಟು ನನ್ನ ಮುಖ ನೋಡಿದರು.

"ಸರ್, ಗೋಳ್ಯಾ ವೇಳೇವರ ಘೇತಾ ನಾ?"

ವೇಳೆಗೆ ಸರಿಯಾಗಿ ಗುಳಿಗೆ ತಗೋತೀರಲ್ಲ ಎಂಬ ಪ್ರಶ್ನೆ. ಹೌದು ಎಂದೆ. "ಖರಂ ಸಾಂಗಾ" ಎಂದರು, ನಿಜ ಹೇಳಿ ಎಂದು. ಹೋಂವರ್ಕ್ ಮಾಡದ ಹುಡುಗರನ್ನು ನಾನು ಕೇಳುವ ಧಾಟಿ ಅದು. ಹುಡುಗರು ಹೌದು ಎಂದಾಗ ನಾನು ಎಷ್ಟು ನಂಬುತ್ತಿದ್ದೆನೋ ಅಷ್ಟೇ ಮ್ಯಾಡಮ್ ನನ್ನನ್ನು ನಂಬಿದರು. ಅವರದೂ ತಪ್ಪಲ್ಲ. ಗುಳಿಗೆಯಿಂದ ಕೈ ನಡುಗುತ್ತದೆ, ಕೂದಲು ಉದುರುತ್ತದೆ, ಹೊಟ್ಟೆ ಕೆಡುತ್ತದೆ. ಬೇಸತ್ತು ಬಿಟ್ಟವರನ್ನು ಅವರು ಬಹಳ ಜನರನ್ನು ಕಂಡಿದ್ದರು. ಬಿಟ್ಟವರೆಲ್ಲ ಬಿಟ್ಟಿಲ್ಲ ಎಂದೇ ಹೇಳುತ್ತಿದ್ದರಂತೆ. ಇನ್ನು ಮೇಲೆ ಡೋಸ್ ಹೆಚ್ಚಿಸಲು ತನಗೆ ಧೈರ್ಯವಿಲ್ಲ ಎಂದರು. ನಾನು ತಪ್ಪಿಸುತ್ತಿದ್ದು, ಅವರು ಹೆಚ್ಚಿಸುತ್ತ ಹೋಗಿ, ಒಂದು ದಿನ ನಾನು ಹೆದರಿ ಎಲ್ಲವನ್ನೂ ಸರಿಯಾಗಿ ನುಂಗತೊಡಗಿದರೆ ಕಿಡ್ನಿ ಸುಟ್ಟುಹೋಗುತ್ತದೆ. ಅಂದರೆ ನನ್ನ ಮಾತನ್ನು ಯಾರಾದರೂ ನಂಬುವ ತನಕ ನನಗೆ ಬೇಕಾದಷ್ಟು ಔಷಧಿ ಸಿಗುವಂತಿರಲಿಲ್ಲ.

ಮ್ಯಾಡಮ್ ಅಕ್ಕನಿಗೆ ಫೋನ್ ಮಾಡಿ, ಯಾರಾದರೂ ಕೆಲವು ದಿನ ಜೊತೆಗಿದ್ದು ಎದುರಿಗೇ ಗುಳಿಗೆ ನುಂಗಿಸಿ ಎಂದರು. ಅಕ್ಕ ಮರುದಿನವೇ ಖೋಲಿಗೆ ಬಂದಳು. ಆ ಸಲ ರೊಟ್ಟಿಯ ಗಂಟು ಇರಲಿಲ್ಲ.

"ತಗೊಳ್ಳಾಕತ್ತೀಯೋ ಇಲ್ಲೋ?"

"ತಗೊಳ್ಳಾಕತ್ತೀನಿ ಅಕ್ಕಾ."

"ಮತ್ತ ರಕ್ತದಾಗ ಯಾಕ ಬರವಲ್ದು?"

"ನನಗೇನ್ ಗೊತ್ತು?"

ಅಕ್ಕ ಮಂಚದ ತುದಿಗೆ ಕೂತಳು. "ಡಾಕ್ಟರ್ ಬಾಯಿ ಹೇಳ್ಯಾರ, ಎದರಿಗೆ ಕುಂತು ನುಂಗಸ್ರಿ ಅಂತ. ನಾ ಒಲ್ಲೆ ಅಂದೀನಿ. ಕಾವಲ ಕುಂದ್ರೂದು ಕಳ್ಳಗ. ಬಗಲಾಗ ಹೊತ್ತು ಬೆಳಿಸಿದಾಕಿ ನಾ, ನಿನ್ನ ಮ್ಯಾಲ ಕಾವಲ ಕುಂದ್ರಲ್ಯಾ? ನೀ ಊರಿಗಿ ಬಾ, ದೇವರ ಮುಂದ ಭಂಡಾರ ಎತ್ತು. ಅಷ್ಟ ಸಾಕು ನನಗ."

ಭಂಡಾರ ಅಂದರೆ ಅರಿಸಿನ ಪುಡಿ. ಬಿರೋಬಾನ ಪ್ರಸಾದವೂ ಅದೇ, ಕೋರ್ಟೂ ಅದೇ. ಒಬ್ಬರ ಕುರಿ ಇನ್ನೊಬ್ಬರ ಹಿಂಡಿನಲ್ಲಿ ಸಿಕ್ಕಾಗ, ಬದುವಿನ ಜಗಳ ಬಿದ್ದಾಗ, ಬಿಲ್ವಪತ್ರೆಯ ಮೇಲೆ ಭಂಡಾರವಿಟ್ಟು ಅಂಗೈಯಲ್ಲಿ ಎತ್ತಿ ಮಾತು ಹೇಳಿದರೆ ಮುಗಿಯಿತು. ಎತ್ತಿದವನನ್ನು ಮತ್ತೆ ಯಾರೂ ಕೇಳುವುದಿಲ್ಲ. ಸುಳ್ಳಿಗೆ ಎತ್ತಿದರೆ ಮನೆ ಮಾರು ಉಳಿಯುವುದಿಲ್ಲ ಎಂಬ ಭಯದಿಂದ ಸುಳ್ಳು ಹೇಳುವವರು ಎತ್ತುವುದೇ ಇಲ್ಲ, ಪಂಚರ ಮುಂದೆ ತಪ್ಪಾಯ್ತು ಎಂದು ದಂಡ ಕಟ್ಟಿ ಹೋಗುತ್ತಾರೆ. ನಾಲ್ಕು ಅಕ್ಷರ ಕಲಿತ ನಾನು ಅಕ್ಕನಿಗೆ ಹೇಳಬಹುದಿತ್ತು, ಇದು ದೇವರ ಕೆಲಸವಲ್ಲ, ಎದುರಿಗೆ ಕೂತು ನೋಡು ಸಾಕು ಎಂದು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವಳ ಮಾತು ಬಹಳ ಹಿಡಿಸಿತು. ಆಸ್ಪತ್ರೆಯಲ್ಲಿ ಯಾರೂ ನಂಬದ ನನ್ನನ್ನು ನಂಬಲು ಅಕ್ಕನಿಗೆ ಒಂದು ಚಿಟಿಕೆ ಅರಿಸಿನ ಸಾಕಾಗಿತ್ತು.

ಊರಿಗೆ ಹೋದೆವು. ಮಧ್ಯಾಹ್ನ ಬಿರೋಬಾನ ಗುಡಿಯಲ್ಲಿ ಅಪ್ಪ, ಅಕ್ಕ, ನಾನು, ಮೂವರೇ. ನಾನು ಮಾಸ್ಕ್ ಹಾಕಿಕೊಂಡೇ ಕೈ ಚಾಚಿದೆ. ಅಪ್ಪ ತಡೆದ.

"ಮಾರಿ ಮ್ಯಾಲಿನ ಅರಬಿ ತಗಿ. ಬಾಯಿ ಮುಚ್ಚಿ ಯಾರರ ಆಣಿ ಮಾಡತಾರೇನು?"

ಮಾಸ್ಕ್ ತೆಗೆದೆ. ಅರಿಸಿನ, ಕಂಬಳಿ, ಎಣ್ಣೆಬತ್ತಿಯ ವಾಸನೆ ಒಟ್ಟಿಗೇ ಮೂಗಿಗೆ ಬಂತು. ಎಷ್ಟೋ ತಿಂಗಳ ಮೇಲೆ ಮನೆಗೆ ಬಂದೆ ಅನಿಸಿತು. ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಒಂದು ಹೊತ್ತಿನ ಗುಳಿಗಿನೂ ನಾ ತಪ್ಪಿಸಿಲ್ಲ. ತಪ್ಪಿಸಿದ್ರ ಅಕ್ಕ ಕೊಟ್ಟ ಕಿಡ್ನಿ ನನ್ನ ಹೊಟ್ಟ್ಯಾಗ ಉಳಿಯೂದು ಬ್ಯಾಡ."

ಅಪ್ಪ ನನ್ನ ಹಣೆಗೆ ಭಂಡಾರ ಹಚ್ಚಿ "ಮುಗೀತು" ಅಂದ. ಅಕ್ಕ ಅಳುತ್ತ ನಕ್ಕಳು. ಆ ದಿನ ಅವಳು ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದಳು, ನನ್ನ ತಾಟಿನಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಆಪರೇಷನ್ ಆದ ಮೇಲೆ ನನ್ನ ತಾಟಿಗೆ ಇನ್ನೊಬ್ಬರ ಕೈ ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಮರಳುವಾಗ ಹಣೆಯ ಅರಿಸಿನವನ್ನು ಒರೆಸಿಕೊಳ್ಳಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಲೆವಲ್ ಮತ್ತೆ ಕಡಿಮೆ ಬಂತು. ಈ ಸಲ ಕ್ರಿಯಾಟಿನಿನ್ ಕೂಡ ಏರಿತ್ತು, ಅಂದರೆ ಕಿಡ್ನಿ ರಕ್ತವನ್ನು ಸರಿಯಾಗಿ ಸೋಸುತ್ತಿಲ್ಲ. ಬಯಾಪ್ಸಿ ಮಾಡಿದರು. ರಿಜೆಕ್ಷನ್ ಶುರುವಾಗಿದೆ ಎಂದರು. ನನ್ನ ಮೈ ಅಕ್ಕನ ಕಿಡ್ನಿಯ ಮೇಲೆ ಬಿದ್ದಿತ್ತು.

ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಮ್ಯಾಡಮ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ನಾನು ಹತ್ತಿರ ಹೋದೆ. ಅವಳು ಎದ್ದು ನಿಂತಳು.

"ಗುಳಿಗಿ ತಗೊಂಡಿಲ್ಲ ಅಂತ ಹೇಳಿದ್ರ ನಾ ನಾಕ ಬೈದು ಸುಮ್ಕಾಗತಿದ್ದೆ" ಅಂದಳು. "ಭಂಡಾರ ಯಾಕ ಎತ್ತಿದಿ?"

ಕೇಳಿದವಳು ಹೊರಟೇಬಿಟ್ಟಳು. ಅವಳ ಬೆನ್ನು ಆಸ್ಪತ್ರೆಯ ಗೇಟಿನವರೆಗೂ ನನಗೆ ಕಾಣುತ್ತಿತ್ತು. ಒಂದು ಕೈ ಹೊಲಿಗೆ ಹಾಕಿದ್ದ ಬದಿಯನ್ನು ಹಿಡಿದುಕೊಂಡಿತ್ತು. ನಾನು ಕೂಗಿ ಕರೆಯಬೇಕಿತ್ತೋ ಏನೋ. ಕರೆದು ಹೇಳುವುದಾದರೂ ಏನನ್ನು? ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ದೊಡ್ಡ ಮಾತನ್ನು ಗುಡಿಯಲ್ಲಿ ಹೇಳಿಯಾಗಿತ್ತು. ಅದಕ್ಕಿಂತ ದೊಡ್ಡದು ನಮ್ಮ ಜನರಲ್ಲಿ ಬೇರೆ ಇಲ್ಲ. ಉಳಿಯುವುದು ಬೇಡ ಎಂದು ನಾನೇ ಬಾಯಿಬಿಟ್ಟು ಹೇಳಿದ ಕಿಡ್ನಿ ಉಳಿಯಲಾರೆ ಎನ್ನುತ್ತಿತ್ತು.

ಸಲೈನಿನಲ್ಲಿ ಸ್ಟಿರಾಯ್ಡ್ ಬಿಟ್ಟರು. ಕಿಡ್ನಿ ತಾತ್ಕಾಲಿಕವಾಗಿ ತಡೆದುಕೊಂಡಿತು. ಆಮೇಲಿನ ತಿಂಗಳುಗಳನ್ನು ನಾನು ಹೇಗೆ ಕಳೆದೆ ಎಂದು ಬರೆಯಲು ಕೂತರೆ ಬರೆಯುವಂಥದ್ದು ಏನೂ ಸಿಗುವುದಿಲ್ಲ. ಯಾರೂ ಬರಲಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ, "ಸದ್ಯಕ ಬರಬ್ಯಾಡಪ್ಪಾ, ಕುರಿ ಮರಿ ಹಾಕೂ ದಿನ ಅದಾವ" ಎನ್ನುತ್ತಿದ್ದ. ಧೂಳಿನ ಕಾಳಜಿಯಿಂದ ಹೇಳುತ್ತಿದ್ದಾನೆ ಎಂದು ಮೊದಲು ತಿಳಿದಿದ್ದೆ. ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟ, ಆ ವರ್ಷ ಮರಿಗಳು ನಿಲ್ಲುತ್ತಿಲ್ಲವಂತೆ. ಸತ್ತ ಕುರಿಮರಿಗಳೂ ನನ್ನ ಲೆಕ್ಕಕ್ಕೇ ಬಿದ್ದಿದ್ದವು. ನನಗೆ ನಗು ಬಂತು, ಆಮೇಲೆ ಮಂಚದ ಮೇಲೆ ಮುಖ ಅಡಿ ಮಾಡಿ ಅತ್ತೆ.

ಅಕ್ಕನ ಫೋನ್ ಬರಲೇ ಇಲ್ಲ. ನಾನು ಮಾಡಿದರೆ ಭಾವ ಎತ್ತಿ, "ಹೊಲಕ್ಕ ಹೋಗ್ಯಾಳರಿ" ಎನ್ನುತ್ತಿದ್ದರು. ಭಾವ ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ಕೆಮ್ಮುತ್ತಾರೆ.

ಕೊನೆಗೆ ನನಗೇ ನನ್ನ ಮೇಲೆ ಅನುಮಾನ ಶುರುವಾಯಿತು. ನಿಜಕ್ಕೂ ನುಂಗುತ್ತಿದ್ದೇನೆಯೇ? ನುಂಗಿದ್ದೇನೆ ಎಂದುಕೊಂಡು ಮರೆಯುತ್ತಿದ್ದೇನೆಯೇ? ಅದಕ್ಕೆ ಒಂದು ಉಪಾಯ ಮಾಡಿದೆ. ದಿನಾ ಏಳಕ್ಕೆ ಸರಿಯಾಗಿ ಓಣಿಯ ಮೂಲೆಯ ಚಹಾದ ಗಾಡಿಗೆ ಹೋಗಿ, ನಾಲ್ಕು ಜನರ ಎದುರಿಗೆ ಗುಳಿಗೆಯನ್ನು ಮೇಲೆತ್ತಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನೀರು ಕುಡಿದು ಬಾಯಿ ತೆರೆಯುತ್ತಿದ್ದೆ ಕೂಡ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರ ಗಮನ ಚಹಾದ ಮೇಲೆ, ಪೇಪರಿನ ಮೇಲೆ ಇರುತ್ತಿತ್ತು. ಅಷ್ಟು ದೊಡ್ಡ ಊರಿನಲ್ಲಿ ನಾನು ಗುಳಿಗೆ ನುಂಗುವುದನ್ನು ನೋಡುವ ಎರಡು ಕಣ್ಣು ನನಗೆ ಸಿಗಲಿಲ್ಲ.

ಕ್ರಿಯಾಟಿನಿನ್ ಮತ್ತೆ ಏರಿತು. ಮ್ಯಾಡಮ್ ಈ ಸಲ ನನ್ನನ್ನು ಏನೂ ಕೇಳದೆ ವಾರ್ಡಿಗೆ ಹಾಕಿದರು. ನನ್ನ ಗುಳಿಗೆಗಳನ್ನು ತೆಗೆದಿಟ್ಟುಕೊಂಡರು. ಬೆಳಿಗ್ಗೆ ಸಂಜೆ ನರ್ಸ್ ಬಂದು, ತನ್ನ ಕೈಯಿಂದ ಗುಳಿಗೆ ಕೊಟ್ಟು, ಬಾಯಿ ತೆರೆಸಿ ನೋಡುತ್ತಿದ್ದಳು. ಇನ್ನೊಬ್ಬನಾಗಿದ್ದರೆ ಅವಮಾನ ಎನ್ನುತ್ತಿದ್ದ. ನಾನು ನರ್ಸ್ ಬರುವ ಹೊತ್ತಿಗೆ ಕೂದಲು ಬಾಚಿಕೊಂಡು ಕೂತಿರುತ್ತಿದ್ದೆ.

ಕೆಲವು ದಿನ ಬಿಟ್ಟು ರಕ್ತ ತೆಗೆದರು. ಲೆವಲ್ ಇದ್ದಲ್ಲೇ ಇತ್ತು.

ಅವತ್ತು ಮ್ಯಾಡಮ್ ರಿಪೋರ್ಟ್ ಹಿಡಿದು ನನ್ನ ಮಂಚದ ಹತ್ತಿರ ಬಂದು ನಿಂತರು. ಮತ್ತೆ ರಕ್ತ ತೆಗೆಸಿ ದೂರದ ಲ್ಯಾಬಿಗೆ ಕಳಿಸಿದರು. ಡೋಸನ್ನು ಮಾತ್ರ ಆಗಲೇ ಏರಿಸಿದರು. ದೂರದ ಲ್ಯಾಬಿನ ಫಲಿತಾಂಶ ಬಂದ ದಿನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಆವರೆಗೆ ಅವರು ನನ್ನ ಎದುರು ಕೂತದ್ದು ಮೇಜಿನಾಚೆಗೇ.

ಅವರು ಹೇಳಿದ್ದು ಇಷ್ಟು. ಕರುಳಿನಲ್ಲಿ, ಯಕೃತ್ತಿನಲ್ಲಿ ಈ ಔಷಧಿಯನ್ನು ಒಡೆದು ಹೊರಗೆ ಹಾಕುವ ಕಿಣ್ವವೊಂದಿದೆ. ಅದನ್ನು ಮಾಡುವ ಜೀನಿಗೆ ಸಿವೈಪಿ ತ್ರೀ ಎ ಫೈವ್ ಎಂದು ಹೆಸರು. ಬಹಳ ಜನರಲ್ಲಿ ಆ ಜೀನ್ ಕೆಲಸ ಮಾಡುವುದಿಲ್ಲ, ಮಲಗಿರುತ್ತದೆ. ಅಂಥವರಿಗೆ ಮಾಮೂಲಿ ಡೋಸ್ ಸಾಕು. ಕೆಲವರಲ್ಲಿ ಅದು ಎಚ್ಚರವಿರುತ್ತದೆ. ಅವರು ಎಷ್ಟು ನುಂಗಿದರೂ ಬಹುಪಾಲನ್ನು ಮೈಯೇ ಒಡೆದು ಹಾಕಿಬಿಡುತ್ತದೆ. ಅವರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ಅದು ರೋಗವಲ್ಲ, ದೋಷವಲ್ಲ, ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬಂದದ್ದು. ಈ ಗುಳಿಗೆ ತೆಗೆದುಕೊಳ್ಳುವ ಪ್ರಸಂಗ ಬರದಿದ್ದರೆ ನನಗೆ ಅದು ಸಾಯುವ ತನಕ ಗೊತ್ತಾಗುತ್ತಲೇ ಇರಲಿಲ್ಲ.

"ತುಮ್ಹಿ ಖರಂ ಬೋಲತ ಹೋತಾ" ಎಂದರು. ನೀವು ನಿಜವನ್ನೇ ಹೇಳುತ್ತಿದ್ದಿರಿ. ಆಮೇಲೆ "ಮಾಫ್ ಕರಾ, ಸರ್" ಎಂದರು. ಕ್ಷಮೆ ಕೇಳುವ ಡಾಕ್ಟರನ್ನು ನಾನು ಕಂಡಿರಲಿಲ್ಲ. ಇರಲಿ ಬಿಡ್ರಿ ಎಂದು ಕನ್ನಡದಲ್ಲೇ ಹೇಳಿದೆ.

ಏರಿಸಿದ ಡೋಸಿಗೆ ಲೆವಲ್ ತಾನು ಇರಬೇಕಾದ ಜಾಗಕ್ಕೆ ಬಂದು ನಿಂತಿತು. ಕಿಡ್ನಿಯ ಕೆಟ್ಟ ಭಾಗ ಮಾತ್ರ ಮರಳಿ ಬರುವುದಿಲ್ಲ. ಉಳಿದಿರುವುದು ನಡೆಯುತ್ತದೆ, ಆದರೆ ಎಷ್ಟು ವರ್ಷ ನಡೆಯಬೇಕಿತ್ತೋ ಅಷ್ಟು ನಡೆಯಲಿಕ್ಕಿಲ್ಲ ಎಂದು ಮ್ಯಾಡಮ್ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನನ್ನ ಯಕೃತ್ತಿನ ಮೇಲೆ ಸಿಟ್ಟಾಗಿ ಏನು ಮಾಡುವುದು.

ವಾರ್ಡಿನಿಂದ ಬಿಟ್ಟ ಮೇಲೆ ಖೋಲಿಗೆ ಹೋಗಲಿಲ್ಲ. ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಬೋರಾಮಣಿಗೆ ಹೊರಟೆ. ರಸ್ತೆಯ ಬದಿಯ ಹುಲ್ಲುಗಾವಲು ಒಣಗಿ ಬೆಳ್ಳಗಾಗಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಾಲೀಮು ಮಾಡಿದೆ. ಅಕ್ಕನಿಗೆ ಜೀನ್ ಎಂದರೆ ತಿಳಿಯುವುದಿಲ್ಲ, ಯಕೃತ್ತು ಎಂಬ ಮಾತು ನನ್ನ ಪಾಠದ ಪುಸ್ತಕದಾಚೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ.

ಅಕ್ಕ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು. ನಾನು ಅಂಗಳದ ಆಚೆಗೇ ನಿಂತು ಹೇಳಿದೆ.

"ಅಕ್ಕಾ, ಗುಳಿಗಿ ನಾ ತಗೋತಿದ್ದೆ. ನನ್ನ ಹೊಟ್ಟಿ ಅದನ್ನ ತಿಂದ ಹಾಕತಿತ್ತು. ಮಂದಿಗಿ ಒಂದು ಸಾಕಾದ್ರ ನನಗ ಎರಡು ಬೇಕಂತ. ಹುಟ್ಟಿದಾಗಿಂದ ನನ್ನ ಮೈ ಹಂಗ ಅದ ಅಂತ. ರಕ್ತ ಕಳಿಸಿ ತಪಾಸ ಮಾಡ್ಯಾರ. ನರ್ಸ ಎದರಿಗೆ ನಿಂತು ನುಂಗಿಸಿದ್ರೂ ಕಡಿಮಿನ ಬಂದದ."

ಅಕ್ಕ ನನ್ನನ್ನು ನೋಡುತ್ತ ನಿಂತಳು. ಅವಳ ಮುಖದ ಬಿಗುವು ಸಡಿಲವಾಗುತ್ತ ಬಂತು. ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು.

"ಹಂಗಾರ ಭಂಡಾರ ಖರೆ ಅದ" ಅಂದಳು. "ಬಿರೋಬಾ, ಭಂಡಾರ ಖರೆ ಅದ."

ನನಗೆ ತಡೆಯಲಾಗಲಿಲ್ಲ. "ಭಂಡಾರ ಅಲ್ಲಕ್ಕಾ, ನಾ! ನಾ ಖರೆ ಇದ್ದೆ!" ಎಂದು ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಇಷ್ಟು ದಿನ ಒಬ್ಬರೂ ಕೇಳದೆ ಹೋದ ಮಾತು ಅದೊಂದೇ. ಅದನ್ನು ಹೇಳಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅಕ್ಕ ನೀರು ತರಲು ಒಳಗೆ ಹೋಗಿ ಬಂದಳು. ಅವಳು ನಡೆದು ಬರುವಾಗ ನನ್ನ ಕಣ್ಣು ಅವಳ ಪಾದದ ಮೇಲೆ ಬಿತ್ತು. ಹಿಮ್ಮಡಿ ಒಡೆದು, ಬಿರುಕಿನಲ್ಲಿ ಕರಿಮಣ್ಣು ಕೂತು, ಒಂದು ಕಡೆ ಮುಳ್ಳು ಮುರಿದು ಕೀವು ಕಟ್ಟಿದ ಗುರುತು ಇತ್ತು. ಬಾಗಿಲಲ್ಲಿ ಎಲ್ಲರ ಚಪ್ಪಲಿ ಇದ್ದವು, ಅವಳದ್ದು ಇರಲಿಲ್ಲ.

"ಚಪ್ಪಲಿ ಎಲ್ಲಿ ಅಕ್ಕಾ?"

"ಬಿಟ್ಟೀನಿ."

"ಯಾವಾಗಿಂದ?"

"ದವಾಖಾನಿಯಿಂದ ಬಂದ ದಿನದಿಂದ." ಅವಳು ಶೇಂಗಾದ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದಳು. "ನೀ ಸುಳ್ಳ ಆಣಿ ಮಾಡಿದಿ ಅಂತ ತಿಳಕೊಂಡೆ. ಅದನ್ನ ಯಾರರ ಹೊರಬೇಕಲ್ಲ. ದೇವರಿಗಿ ಬೇಡ್ಕೊಂಡೆ, ಅವನ ತಪ್ಪು ನನ್ನ ಕಾಲಿಗಿ ಬರಲಿ, ಕಿಡ್ನಿಗಿ ಬರೂದು ಬ್ಯಾಡ ಅಂತ."

"ಫೋನರ ಮಾಡಬಾರದೇನು?"

"ನಿನ್ನ ಧ್ವನಿ ಕೇಳಿದ್ರ ಸಿಟ್ಟ ಬರತಿತ್ತು. ಸಿಟ್ಟಿನಾಗ ಬೇಡ್ಕೊಂಡದ್ದು ದೇವರಿಗಿ ಮುಟ್ಟಂಗಿಲ್ಲ."

ನಾನು ಖೋಲಿಯಲ್ಲಿ ಗೋಡೆ ನೋಡುತ್ತ ಬಿದ್ದಿದ್ದಾಗ, ಒಂದೇ ಕಿಡ್ನಿಯ ಈ ಹೆಂಗಸು ನಾನು ಮಾಡದ ತಪ್ಪಿಗೆ ಹೊಲದ ಮುಳ್ಳನ್ನೆಲ್ಲ ತುಳಿದಿದ್ದಳು. ನನ್ನ ಮಾತನ್ನು ಅವಳು ನಂಬಿರಲಿಲ್ಲ. ನನ್ನನ್ನು ಬಿಟ್ಟೂ ಇರಲಿಲ್ಲ. ಎರಡರಲ್ಲಿ ಯಾವುದಕ್ಕೆ ಅಳಬೇಕೋ ನನಗೆ ತಿಳಿಯಲಿಲ್ಲ. ಕಿಡ್ನಿಯಲ್ಲಿ ಒಂದು ಪಾಲು ಹೋಯಿತು ಎಂದೂ ಹೇಳಬೇಕಿತ್ತು, ಹೇಳಿದೆ. ಅವಳು ಶೇಂಗಾ ಹರಡುವುದನ್ನು ನಿಲ್ಲಿಸಲಿಲ್ಲ.

"ಉಳದದ್ದು ಉಳದದಲ್ಲ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ತಿನ್ನೂ ಹೊಟ್ಟಿ ನಿನಗ ಅಪ್ಪನ ಕಡಿಯಿಂದ ಬಂತೋ, ಅವ್ವನ ಕಡಿಯಿಂದ?" ಎಂದು ಕೇಳಿದಳು. ಗೊತ್ತಿಲ್ಲ, ನಿನ್ನಲ್ಲೂ ಇರಬಹುದು ಎಂದೆ. "ಇದ್ರ ಇರಲಿ" ಅಂದಳು.

ಸಂಜೆ ಭಾವ ಬಂದರು, ನನ್ನನ್ನು ಕಂಡು ಕೆಮ್ಮಿದರು, ಆಮೇಲೆ ನಕ್ಕರು. ದೀಪ ಹಚ್ಚುವ ಹೊತ್ತಿಗೆ ಏಳಾಯಿತು. ನಾನು ಚೀಲದಿಂದ ಗುಳಿಗೆಗಳನ್ನು ತೆಗೆದೆ, ಮೊದಲಿನ ಎರಡರಷ್ಟು. ಅಕ್ಕ ತಂಬಿಗೆಯಲ್ಲಿ ನೀರು ತಂದು ಮುಂದೆ ಇಟ್ಟಳು. ಇಟ್ಟವಳು ಬೇಕೆಂದೇ ಗೋಡೆಯ ಕಡೆ ಮುಖ ಮಾಡಿ ಕೂತಳು. ಇನ್ನು ನಿನ್ನ ಮೇಲೆ ಅನುಮಾನವಿಲ್ಲ ಎಂದು ಹೇಳುವ ರೀತಿ ಅದು. ಒಡೆದ ಹಿಮ್ಮಡಿಗಳು ಸೀರೆಯ ಅಂಚಿನಿಂದ ಹೊರಗೆ ಕಾಣುತ್ತಿದ್ದವು.

ಗುಳಿಗೆ ಕೈಯಲ್ಲೇ ಇತ್ತು. ನನಗೆ ನುಂಗಲು ಮನಸ್ಸಾಗಲಿಲ್ಲ.

"ಅಕ್ಕಾ, ಇತ್ತಾಗ ನೋಡು" ಎಂದೆ.

"ಬ್ಯಾಡಪ್ಪಾ. ನಾ ಕಾವಲ ಕುಂದ್ರೂದಿಲ್ಲ."

"ಕಾವಲ ಅಲ್ಲಕ್ಕಾ. ಸುಮ್ಮ ನೋಡು. ಯಾರೂ ನೋಡಿಲ್ಲ ಇಷ್ಟ ದಿನ."

ಅಕ್ಕ ನಿಧಾನವಾಗಿ ತಿರುಗಿದಳು. ಅವಳು ನೋಡುತ್ತಿರುವಂತೆಯೇ ಒಂದೊಂದಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.